ಅಧಿಕ ತಾಪದಲ್ಲಿ ದುಡಿಯುವ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್‌ಗಳಿಗೆ ಹೀಟ್ ಟ್ರೀಟ್‌ಮೆಂಟ್: ನಿರ್ಧಾರದಿಂದ ತಪಾಸಣೆಯವರೆಗೆ

ಕಾರ್ಬನ್ ಸ್ಟೀಲ್ ವೆಲ್ಡ್ ಮಾಡಿ ಪಳಗಿದವರಿಗೆ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ: ದಪ್ಪ ಒಂದು ಮಿತಿ ದಾಟಿತೇ, 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸು, ದಪ್ಪಕ್ಕೆ ತಕ್ಕಷ್ಟು ಹೊತ್ತು ಹಿಡಿ, ನಿಧಾನವಾಗಿ ಆರಲು ಬಿಡು. ಇದೇ ಲೆಕ್ಕವನ್ನು 304 ಅಥವಾ 316 ಎಂಬ ಸ್ಟೇನ್‌ಲೆಸ್ ಗ್ರೇಡ್‌ಗಳ ವೆಲ್ಡ್ ಮೇಲೆ ಹಾಕಿದರೆ ಒಳ್ಳೆಯ ವಸ್ತುವನ್ನು ಕೈಯಾರೆ ಕೆಡಿಸಿದಂತಾಗುತ್ತದೆ. ಆ ತಾಪದಲ್ಲಿ ಉಳಿಕೆ ಒತ್ತಡ (ವೆಲ್ಡ್ ಆರಿದ ಮೇಲೂ ಲೋಹದೊಳಗೆ ಉಳಿಯುವ ಎಳೆತ) ಪೂರ್ತಿ ಇಳಿಯುವುದಿಲ್ಲ, ಅದರ ಬದಲು ಹರಳುಗಳ ಅಂಚಿನಲ್ಲಿ ಕ್ರೋಮಿಯಂ ಕಾರ್ಬೈಡ್ ಬೆಳೆಯುತ್ತದೆ.

ಆದ್ದರಿಂದ ಸ್ಟೇನ್‌ಲೆಸ್ ವಿಷಯದಲ್ಲಿ ‘ಎಷ್ಟು ಡಿಗ್ರಿಗೆ ಕಾಯಿಸಬೇಕು’ ಎಂದು ಕೇಳುವ ಮೊದಲು ‘ಕಾಯಿಸಬೇಕೇ, ಯಾವ ಕೇಡನ್ನು ತಡೆಯಲು’ ಎಂದು ಕೇಳಬೇಕು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ ಎಎಸ್‌ಎಂಇಯ ಬಾಯ್ಲರ್ ಮತ್ತು ಪ್ರೆಶರ್ ವೆಸೆಲ್ ಕೋಡ್ ಪಿ-ನಂಬರ್ 8 ಗುಂಪಿನ ಆಸ್ಟೆನಿಟಿಕ್ ಉಕ್ಕುಗಳಿಗೆ (304, 316ರಂಥ, ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟದ ಬಗೆ) ವೆಲ್ಡ್ ನಂತರದ ಹೀಟ್ ಟ್ರೀಟ್‌ಮೆಂಟನ್ನು ಸಾಮಾನ್ಯವಾಗಿ ಕಡ್ಡಾಯ ಮಾಡುವುದಿಲ್ಲ, ನಿಷೇಧಿಸುವುದೂ ಇಲ್ಲ. ಹಾಗಾಗಿ ತೀರ್ಮಾನದ ಪೂರ್ತಿ ಭಾರ ಎಂಜಿನಿಯರ್ ಮೇಲೆ ಬೀಳುತ್ತದೆ. ಸಾಧಾರಣ ತಾಪದಲ್ಲಿ ಕೆಲಸ ಮಾಡುವ ಬಹುಪಾಲು ಆಸ್ಟೆನಿಟಿಕ್ ವೆಲ್ಡ್‌ಗಳಿಗೆ ಸರಿಯಾದ ಉತ್ತರ ‘ಏನೂ ಮಾಡಬೇಡಿ’ ಎಂಬುದೇ. 500 ಡಿಗ್ರಿ ದಾಟಿದ ಸೇವೆಗೆ ಬಂದಾಗ ಮಾತ್ರ ಆ ಉತ್ತರವನ್ನು ಕಣ್ಣು ಮುಚ್ಚಿ ಒಪ್ಪುವ ಹಾಗಿಲ್ಲ.

ಯಾವ ತಾಪದಲ್ಲಿ ಏನು ಕೆಡುತ್ತದೆ

ಸುಮಾರು 425ರಿಂದ 815 ಡಿಗ್ರಿ ನಡುವೆ ಇಂಗಾಲವು ಹರಳುಗಳ ಅಂಚಿಗೆ ಸರಿದು ಅಲ್ಲಿನ ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಇದಕ್ಕೆ ಸೆನ್ಸಿಟೈಸೇಶನ್ ಎನ್ನುತ್ತಾರೆ. ಅಂಚಿಗೆ ಹೊಂದಿಕೊಂಡ ತೆಳು ಪದರದಲ್ಲಿ ಕ್ರೋಮಿಯಂ ಇಳಿದುಹೋಗಿ, ಆ ಜಾಗಕ್ಕೆ ತುಕ್ಕು ತಡೆಯುವ ಶಕ್ತಿ ಉಳಿಯುವುದಿಲ್ಲ. ವೆಲ್ಡ್ ಗೆರೆಯಿಂದ ಕೆಲವು ಮಿಲಿಮೀಟರ್ ಆಚೆಗೆ, ಗೆರೆಗೆ ಸಮಾನಾಂತರವಾಗಿ ಕೊರೆತ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಸುಮಾರು 550ರಿಂದ 750 ಡಿಗ್ರಿಯಲ್ಲಿ ಇನ್ನೊಂದು ಅಪಾಯವಿದೆ: ಸ್ಟ್ರೆಸ್ ರಿಲ್ಯಾಕ್ಸೇಶನ್ ಕ್ರ್ಯಾಕಿಂಗ್. ವೆಲ್ಡ್‌ನ ಉಳಿಕೆ ಒತ್ತಡ ಸಡಿಲಗೊಳ್ಳಲು ಲೋಹ ಸ್ವಲ್ಪ ಹಿಗ್ಗಿಕೊಡಬೇಕು. ಆದರೆ ಹರಳುಗಳ ಒಳಗೆ ಸೂಕ್ಷ್ಮ ಕಾರ್ಬೈಡ್‌ಗಳು ಹುಟ್ಟಿ ಒಳಭಾಗವನ್ನು ಬಿಗಿಗೊಳಿಸಿದಾಗ ಎಳೆತವೆಲ್ಲ ಹರಳುಗಳ ಅಂಚಿನ ಮೇಲೆ ಬಿದ್ದು ಅಲ್ಲೇ ಬಿರುಕು ಬಿಡುತ್ತದೆ. 347ಎಚ್, 321ಎಚ್ ಮತ್ತು 800ಎಚ್ ಮಿಶ್ರಲೋಹ ಈ ಕಾಯಿಲೆಗೆ ಹೆಸರಾದವು (ಎಚ್ ಎಂದರೆ ಅಧಿಕ ತಾಪಕ್ಕಾಗಿ ಇಂಗಾಲ ಹೆಚ್ಚಿರುವ ರೂಪ). 304ಎಚ್ ಕೂಡ ಇದರಿಂದ ಹೊರತಲ್ಲ. ಗೋಡೆ ದಪ್ಪವಾದಷ್ಟೂ, ಕೀಲು ಬಿಗಿಯಾದಷ್ಟೂ ಅಪಾಯ ಹೆಚ್ಚು. ಅಧಿಕ ತಾಪದ ಸೇವೆಗೆ ಹೀಟ್ ಟ್ರೀಟ್‌ಮೆಂಟ್ ಮಾಡಲು ನನ್ನ ಪ್ರಕಾರ ಇದೇ ಅತ್ಯಂತ ಬಲವಾದ ಕಾರಣ, ಆದರೂ ಹೆಚ್ಚು ಜನ ಮರೆಯುವುದು ಇದನ್ನೇ.

ಮೂರನೆಯದು ಸಿಗ್ಮಾ ಫೇಸ್. ಸರಿಸುಮಾರು 600ರಿಂದ 900 ಡಿಗ್ರಿಯಲ್ಲಿ ದೀರ್ಘಕಾಲ ಇದ್ದರೆ, ವೆಲ್ಡ್‌ನಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ, ಫೆರೈಟ್ ಎಂಬ ಬೇರೆ ಹರಳು ರಚನೆ ಮೊದಲು ಈ ಪೆಡಸು ರೂಪಕ್ಕೆ ತಿರುಗುತ್ತದೆ. ಬಿಸಿಯಾಗಿರುವಾಗ ಏನೂ ಗೊತ್ತಾಗುವುದಿಲ್ಲ. ಸ್ಥಾವರ ನಿಲ್ಲಿಸಿ ತಣ್ಣಗಾದ ಮೇಲೆ ಒಂದು ಪೆಟ್ಟಿಗೆ ಒಡೆಯಬಹುದು. ಫೆರೈಟ್‌ಗೆ 475 ಡಿಗ್ರಿ ಸುತ್ತಮುತ್ತ ಇನ್ನೊಂದು ಬಗೆಯ ಪೆಡಸುತನವೂ ಬರುತ್ತದೆ. ಡ್ಯೂಪ್ಲೆಕ್ಸ್ ಉಕ್ಕುಗಳನ್ನು (ಸುಮಾರು ಅರ್ಧ ಫೆರೈಟ್ ಇರುವವು) ಸಾಮಾನ್ಯವಾಗಿ 300 ಡಿಗ್ರಿಗಿಂತ ಕೆಳಗಿನ ಸೇವೆಗೇ ಸೀಮಿತಗೊಳಿಸುವುದು ಇದಕ್ಕಾಗಿ. ಅವುಗಳ ಮಾತು ಇಲ್ಲಿ ಬೇಡ.

ಹೆಜ್ಜೆ 1: ಕಾಗದಪತ್ರ ಮುಂದಿಟ್ಟುಕೊಂಡು ಕೂರಿ

ಫರ್ನೇಸ್ ಬುಕ್ ಮಾಡುವ ಮೊದಲು ಐದು ಸಂಗತಿ ಕೈಯಲ್ಲಿರಬೇಕು: ಗ್ರೇಡ್, ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್‌ನಲ್ಲಿರುವ ನಿಜವಾದ ಇಂಗಾಲದ ಪ್ರಮಾಣ, ಅತಿ ದಪ್ಪ ಜಾಗದ ದಪ್ಪ, ಸೇವೆಯ ತಾಪ, ಮತ್ತು ಒಳಗೆ ಹರಿಯುವ ವಸ್ತು. ಐದನೆಯದನ್ನು ಎರಡು ಭಾಗ ಮಾಡಿ ಕೇಳಿ: ಸ್ಥಾವರ ಓಡುತ್ತಿರುವಾಗ ಒಳಗೆ ಏನಿರುತ್ತದೆ, ನಿಂತಾಗ ಏನಿರುತ್ತದೆ.

ಈ ಎರಡನೇ ಪ್ರಶ್ನೆಯನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 650 ಡಿಗ್ರಿಯ ಒಣ ಅನಿಲದಲ್ಲಿ ಸೆನ್ಸಿಟೈಸ್ ಆದ ಹರಳಂಚು ತುಕ್ಕು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ನೀರಿಲ್ಲ. ಆದರೆ ಗಂಧಕವಿರುವ ರಿಫೈನರಿ ಘಟಕವನ್ನು ನಿಲ್ಲಿಸಿ ತೆರೆದಾಗ, ಒಳಗೋಡೆಯ ಸಲ್ಫೈಡ್ ಪದರ ತೇವ ಮತ್ತು ಗಾಳಿಯೊಂದಿಗೆ ಸೇರಿ ಪಾಲಿಥಯೋನಿಕ್ ಆಮ್ಲ ಹುಟ್ಟುತ್ತದೆ. ಓಡುವಾಗ ಗಟ್ಟಿಮುಟ್ಟಾಗಿದ್ದ ಪೈಪ್ ನಿಂತ ಕೆಲವೇ ಗಂಟೆಗಳಲ್ಲಿ ಬಿರುಕು ಬಿಡಬಹುದು. ಇಂಥ ಕಡೆ ಸ್ಥಿರಗೊಳಿಸಿದ ಗ್ರೇಡ್ (ಇಂಗಾಲವನ್ನು ಕಟ್ಟಿಹಾಕಲು ಟೈಟಾನಿಯಂ ಅಥವಾ ನಿಯೋಬಿಯಂ ಸೇರಿಸಿದ 321, 347) ಆಯ್ಕೆ, ಅದಕ್ಕೆ ತಕ್ಕ ಹೀಟ್ ಟ್ರೀಟ್‌ಮೆಂಟ್, ತೆರೆಯುವ ಮೊದಲು ಸೋಡಾ ಆ್ಯಶ್ ದ್ರಾವಣದ ತೊಳೆತ, ಮೂರೂ ಬೇಕಾಗುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆ: ‘ಎಲ್ ಗ್ರೇಡ್ ಹಾಕಿದರೆ ಚಿಂತೆಯಿಲ್ಲ’ ಎಂಬುದು. 304ಎಲ್, 316ಎಲ್‌ಗಳಲ್ಲಿ ಇಂಗಾಲ 0.03 ಶೇಕಡಾಕ್ಕಿಂತ ಹೆಚ್ಚಿರುವುದಿಲ್ಲ. ವೆಲ್ಡಿಂಗ್‌ನ ಅಲ್ಪಾವಧಿಯ ಶಾಖಕ್ಕೆ ಅದು ಸಾಕು. ವರ್ಷಗಟ್ಟಲೆ 600 ಡಿಗ್ರಿಯಲ್ಲಿ ಕೂತರೆ ಅದೂ ನಿಧಾನವಾಗಿ ಸೆನ್ಸಿಟೈಸ್ ಆಗುತ್ತದೆ. ಮೇಲಾಗಿ ಇಂಗಾಲ ಕಡಿಮೆಯಾದಷ್ಟೂ ಕ್ರೀಪ್ ಶಕ್ತಿ ಕಡಿಮೆ, ಅಂದರೆ ಬಿಸಿಯಲ್ಲಿ ಹೊರೆ ಹೊತ್ತು ನಿಧಾನವಾಗಿ ಹಿಗ್ಗುವುದನ್ನು ತಡೆಯುವ ಶಕ್ತಿ ಕಡಿಮೆ. ಅಧಿಕ ತಾಪಕ್ಕೆ 0.04ರಿಂದ 0.10 ಶೇಕಡಾ ಇಂಗಾಲದ ಎಚ್ ಗ್ರೇಡ್‌ಗಳನ್ನು ಬಳಸುವುದು ಅದಕ್ಕೇ.

ಹೆಜ್ಜೆ 2: ಗ್ರೇಡ್ ನೋಡಿ ಉಪಚಾರ ಆರಿಸಿ

304, 304ಎಚ್, 316, 316ಎಚ್: ಮಾಡುವುದಾದರೆ ಪೂರ್ತಿ ಸೊಲ್ಯೂಷನ್ ಅನೀಲಿಂಗ್ ಮಾಡಿ. 1040ರಿಂದ 1120 ಡಿಗ್ರಿಗೆ ಕಾಯಿಸಿದರೆ ಕಾರ್ಬೈಡ್‌ಗಳು ಕರಗುತ್ತವೆ, ಸಿಗ್ಮಾ ಕರಗುತ್ತದೆ, ವೆಲ್ಡ್ ಒತ್ತಡವೂ ಹೋಗುತ್ತದೆ. ಕೂಡಲೇ ತಣಿಸಬೇಕು. ಸೇವೆಯ ತಾಪವೇ ಸೆನ್ಸಿಟೈಸ್ ಮಾಡುವ ವಲಯದಲ್ಲಿದ್ದರೆ ತುಕ್ಕಿನ ದೃಷ್ಟಿಯಿಂದ ಈ ಶ್ರಮದ ಲಾಭ ಬಹುಕಾಲ ಉಳಿಯುವುದಿಲ್ಲ. ಆಗ ಇದನ್ನು ಮಾಡುವುದು ಒತ್ತಡ ಮತ್ತು ಬಿರುಕಿನ ಕಾರಣಕ್ಕೆ ಮಾತ್ರ.

321, 347 ಮತ್ತು ಅವುಗಳ ಎಚ್ ರೂಪಗಳು: ಟೈಟಾನಿಯಂ ಅಥವಾ ನಿಯೋಬಿಯಂ ಸೇರಿಸಿರುವುದು ಕ್ರೋಮಿಯಂಗಿಂತ ಮೊದಲೇ ಅವು ಇಂಗಾಲವನ್ನು ಹಿಡಿದುಕೊಳ್ಳಲಿ ಎಂದು. ಆದರೆ ವೆಲ್ಡ್ ಗೆರೆಗೆ ತೀರಾ ಅಂಟಿದ ಪಟ್ಟಿಯಲ್ಲಿ ತಾಪ ಎಷ್ಟು ಏರುತ್ತದೆಂದರೆ ಆ ಟೈಟಾನಿಯಂ, ನಿಯೋಬಿಯಂ ಕಾರ್ಬೈಡ್‌ಗಳೂ ಕರಗಿ ಇಂಗಾಲ ಮತ್ತೆ ಬಿಡುಗಡೆಯಾಗುತ್ತದೆ. ಅದನ್ನು ಮರಳಿ ಕಟ್ಟಿಹಾಕಲು 870ರಿಂದ 900 ಡಿಗ್ರಿಯಲ್ಲಿ 2ರಿಂದ 4 ಗಂಟೆ ಹಿಡಿಯುವ ಸ್ಟೆಬಿಲೈಸಿಂಗ್ ಟ್ರೀಟ್‌ಮೆಂಟ್ ಇದೆ. ಆ ತಾಪದಲ್ಲಿ ಉಳಿಕೆ ಒತ್ತಡದ ಬಹುಭಾಗವೂ ಇಳಿದುಹೋಗುತ್ತದೆ, ಗಾಳಿಯಲ್ಲಿ ಆರಿಸಿದರೂ ನಡೆಯುತ್ತದೆ. ದಪ್ಪ ಗೋಡೆಯ 347ಎಚ್ ಪೈಪನ್ನು 550 ಡಿಗ್ರಿ ಮೇಲೆ ಓಡಿಸುವುದಾದರೆ ನಾನು ಈ ಉಪಚಾರವಿಲ್ಲದೆ ಬಿಡಲು ಒಪ್ಪುವುದಿಲ್ಲ.

800, 800ಎಚ್, 800ಎಚ್‌ಟಿ: ಇವು ಹೆಸರಿಗೆ ಸ್ಟೇನ್‌ಲೆಸ್ ಅಲ್ಲದಿದ್ದರೂ ಅದೇ ಕುಲುಮೆಗಳಲ್ಲಿ ಜೊತೆಯಾಗಿ ಬರುತ್ತವೆ. 540 ಡಿಗ್ರಿ ಮೀರಿದ ವಿನ್ಯಾಸ ತಾಪಕ್ಕೆ ಎಎಸ್‌ಎಂಇ ಕೋಡ್‌ನ ಎಂಟನೇ ವಿಭಾಗ ಇಲ್ಲಿ ನೇರವಾಗಿ ಹೇಳುತ್ತದೆ: ಕನಿಷ್ಠ 885 ಡಿಗ್ರಿ, 25 ಮಿ.ಮೀ. ದಪ್ಪದವರೆಗೆ ಒಂದೂವರೆ ಗಂಟೆ, ಅದರ ಮೇಲಿನ ಪ್ರತಿ 25 ಮಿ.ಮೀ.ಗೆ ಇನ್ನೊಂದು ಗಂಟೆ.

410ರಂಥ ಮಾರ್ಟೆನ್ಸಿಟಿಕ್ ಉಕ್ಕುಗಳ ಲೋಕವೇ ಬೇರೆ. ಇವು ವೆಲ್ಡ್ ಆಗಿ ಆರಿದಾಗ ಗಟ್ಟಿಯಾಗಿ ಪೆಡಸಾಗುತ್ತವೆ. ಟ್ರೀಟ್‌ಮೆಂಟ್ ಇಲ್ಲದೆ ಬಿಡುವ ಹಾಗೇ ಇಲ್ಲ. 200ರಿಂದ 300 ಡಿಗ್ರಿ ಪ್ರೀಹೀಟ್ ಕೊಟ್ಟು ವೆಲ್ಡ್ ಮಾಡಿ, ಸುಮಾರು 100 ಡಿಗ್ರಿಗೆ ಇಳಿಯಲು ಬಿಟ್ಟು, ಆಮೇಲೆ 760 ಡಿಗ್ರಿ ಅಥವಾ ಸ್ವಲ್ಪ ಮೇಲಕ್ಕೆ ಕಾಯಿಸಿ. ನಡುವೆ ಇಳಿಸುವುದು ಕಡ್ಡಾಯ: ಒಳಗಿನ ಆಸ್ಟೆನೈಟ್ ಆ ಹೊತ್ತಿಗೆ ಮಾರ್ಟೆನ್ಸೈಟ್ ಎಂಬ ಗಡಸು ರೂಪ ಆಗಿರದಿದ್ದರೆ, ಟ್ರೀಟ್‌ಮೆಂಟ್ ಮುಗಿದು ಆರುವಾಗ ಹೊಸದಾಗಿ ಆಗಿ ಕೂತು ಎಲ್ಲ ಶ್ರಮ ವ್ಯರ್ಥವಾಗುತ್ತದೆ. ಹಾಗೆಂದು ಪೂರ್ತಿ ತಣ್ಣಗಾಗಿಸಿ ರಾತ್ರಿಯಿಡೀ ಬಿಟ್ಟರೆ ಹೈಡ್ರೋಜನ್ ಬಿರುಕಿನ ಭಯ.

430ರಂಥ ಫೆರಿಟಿಕ್ ಉಕ್ಕುಗಳಿಗೆ 760ರಿಂದ 815 ಡಿಗ್ರಿಯ ಅನೀಲಿಂಗ್ ನೆರವಾಗುತ್ತದೆ, 540ರಿಂದ 370 ಡಿಗ್ರಿಯ ನಡುವೆ ಮಾತ್ರ ಬೇಗ ತಣಿಸಿ. ವೆಲ್ಡ್‌ನಲ್ಲಿ ಒಮ್ಮೆ ದಪ್ಪವಾಗಿ ಬೆಳೆದ ಹರಳುಗಳನ್ನು ಯಾವ ಹೀಟ್ ಟ್ರೀಟ್‌ಮೆಂಟೂ ಮತ್ತೆ ಸಣ್ಣದು ಮಾಡುವುದಿಲ್ಲ.

ಹೆಜ್ಜೆ 3: ವೆಲ್ಡನ್ನು ಕಾಯಿಸಲು ಯೋಗ್ಯವಾಗಿಸಿ

ಫಿಲ್ಲರ್ (ಕೀಲಿಗೆ ಕರಗಿಸಿ ತುಂಬುವ ಲೋಹ) ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. 304ಎಚ್‌ಗೆ 308ಎಚ್, 347ಕ್ಕೆ 347 ವಾಡಿಕೆ. ಸಿಗ್ಮಾ ಭಯವಿರುವ ಕಡೆ 16-8-2 ಫಿಲ್ಲರ್ (ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂಗಳ ಶೇಕಡಾವಾರು) ಒಳ್ಳೆಯ ಆಯ್ಕೆ, ಅದರಲ್ಲಿ ಫೆರೈಟ್ ಕಡಿಮೆ ನಿಲ್ಲುತ್ತದೆ. ಫೆರೈಟ್ ತೀರಾ ಇಲ್ಲದಿದ್ದರೆ ವೆಲ್ಡ್ ಗಟ್ಟಿಯಾಗುವಾಗಲೇ ಬಿರುಕು, ಹೆಚ್ಚಾದರೆ ಸೇವೆಯಲ್ಲಿ ಸಿಗ್ಮಾ. ಅಧಿಕ ತಾಪದ ಕೆಲಸಕ್ಕೆ ಫೆರೈಟ್ ನಂಬರ್ (ವೆಲ್ಡ್‌ನಲ್ಲಿ ಫೆರೈಟ್ ಎಷ್ಟಿದೆ ಎಂಬುದರ ಅಳತೆ) 3ರಿಂದ 8ರ ನಡುವೆ ಇರುವಂತೆ ನೋಡಿಕೊಳ್ಳುವುದು ರೂಢಿ. ಅಳತೆಯನ್ನು ಟ್ರೀಟ್‌ಮೆಂಟ್‌ಗೆ ಮುಂಚೆಯೇ ಮಾಡಿ. ಕಾಯಿಸಿದ ಮೇಲೆ ಫೆರೈಟ್ ಕರಗಿಯೋ ಸಿಗ್ಮಾ ಆಗಿಯೋ ಅಂಕಿ ಇಳಿದಿರುತ್ತದೆ, ಅದನ್ನು ನೋಡಿ ವೆಲ್ಡ್‌ನ ಗುಣ ಹೇಳಲಾಗದು.

ನಂತರ ವೆಲ್ಡ್ ಅಂಚನ್ನು ಗ್ರೈಂಡ್ ಮಾಡಿ ಮೂಲ ಲೋಹಕ್ಕೆ ನಯವಾಗಿ ಸೇರಿಸಿ. ಅಂಡರ್‌ಕಟ್ (ವೆಲ್ಡ್ ಅಂಚಿನ ಕೊರಕಲು), ಚೂಪು ಮೂಲೆ, ಆರ್ಕ್ ತಗುಲಿದ ಗುರುತು, ಕಿತ್ತ ಟ್ಯಾಕ್‌ಗಳ (ತಾತ್ಕಾಲಿಕ ಚುಕ್ಕಿ ವೆಲ್ಡ್‌ಗಳ) ಉಳಿಕೆ ಯಾವುದೂ ಇರಬಾರದು. 321, 347, 800ಎಚ್‌ಗಳು 550–750 ಡಿಗ್ರಿಯನ್ನು ಹಾದುಹೋಗುವಾಗಲೇ ಬಿರುಕು ಬಿಡಬಲ್ಲವು. ಬಿರುಕಿಗೆ ಆರಂಭ ಸಿಗುವುದು ಇಂಥ ಮೂಲೆಗಳಲ್ಲೇ. ಗ್ರೈಂಡಿಂಗ್ ಚಕ್ರ ಸ್ಟೇನ್‌ಲೆಸ್‌ಗಾಗಿಯೇ ಮೀಸಲಿರಲಿ. ಕೊನೆಗೆ ಡೈ ಪೆನೆಟ್ರೆಂಟ್ ಪರೀಕ್ಷೆ (ಬಿರುಕಿಗೆ ಬಣ್ಣದ ದ್ರವ ಇಳಿಸಿ ನೋಡುವುದು) ಮಾಡಿ ದಾಖಲಿಸಿ. ಮುಂಚಿನ ದಾಖಲೆ ಇಲ್ಲದಿದ್ದರೆ ಆಮೇಲೆ ಕಂಡ ಬಿರುಕು ವೆಲ್ಡಿಂಗ್‌ನದೋ ಕಾಯಿಸಿದ್ದರದೋ ತೀರ್ಮಾನಿಸಲು ಆಗುವುದಿಲ್ಲ.

ಹೆಜ್ಜೆ 4: ಕೊಳೆ ತೆಗೆಯಿರಿ

ಎಣ್ಣೆ, ಗ್ರೀಸ್, ಬಣ್ಣ, ಮಾರ್ಕರ್ ಬರಹ, ಪೆನೆಟ್ರೆಂಟ್ ಉಳಿಕೆ, ಬೆರಳಚ್ಚು ಸಹ, ಎಲ್ಲ ಹೋಗಬೇಕು. ಎಣ್ಣೆಯಲ್ಲಿರುವ ಇಂಗಾಲ ಮತ್ತು ಗಂಧಕ ಬಿಸಿಯಲ್ಲಿ ಮೇಲ್ಮೈಯೊಳಗೆ ಇಳಿಯುತ್ತವೆ. ಕ್ಲೋರೈಡ್ ಇಲ್ಲದ ದ್ರಾವಕ ಬಳಸಿ, ಒಣ ಬಟ್ಟೆಯಿಂದ ಒರೆಸಿ.

ಎಲ್ಲಕ್ಕಿಂತ ಅಪಾಯಕಾರಿ ಸತು. 419 ಡಿಗ್ರಿಗೆ ಕರಗುವ ಇದು, ತಾಪ ಇನ್ನೂ ಏರಿದಾಗ ಒತ್ತಡದಲ್ಲಿರುವ ಆಸ್ಟೆನಿಟಿಕ್ ಉಕ್ಕಿನ ಹರಳಂಚುಗಳಿಗೆ ನುಗ್ಗಿ ನಿಮಿಷಗಳಲ್ಲಿ ಸೀಳಿಬಿಡುತ್ತದೆ. ಗ್ಯಾಲ್ವನೈಸ್ಡ್ ತಂತಿ, ಕ್ಲಿಪ್, ಸತುವಿನ ಪ್ರೈಮರ್ ಬಳಿದ ಆಸರೆಗಳಿಂದ ಬಿದ್ದ ಹುಡಿ, ಯಾವುದೂ ಹತ್ತಿರ ಸುಳಿಯಬಾರದು. ಇನ್ಸುಲೇಶನ್ ಕಟ್ಟುವ ತಂತಿಯನ್ನೂ ಸ್ಟೇನ್‌ಲೆಸ್‌ನದೇ ಬಳಸಿ. ಸೀಸ ಮತ್ತು ತಾಮ್ರದ ಗುರುತುಗಳಿಗೂ ಇದೇ ನಿಯಮ.

ಹೆಜ್ಜೆ 5: ಆಸರೆ ಮತ್ತು ಥರ್ಮೋಕಪಲ್

1050 ಡಿಗ್ರಿಯಲ್ಲಿ ಸ್ಟೇನ್‌ಲೆಸ್ ಉಕ್ಕು ತನ್ನ ತೂಕಕ್ಕೇ ಬಾಗುತ್ತದೆ. ಉದ್ದ ಪೈಪಿಗೆ ಹತ್ತಿರ ಹತ್ತಿರ ಆಸರೆ ಕೊಡಿ, ತೆಳು ಗೋಡೆಯ ದೊಡ್ಡ ವ್ಯಾಸದ ಶೆಲ್‌ಗೆ ಒಳಗಿನಿಂದ ಕಡ್ಡಿಗಳ ಆಧಾರ ಕೊಡಿ. ಆದರೆ ಆಸರೆ ಕಟ್ಟಿಹಾಕುವಂತಿರಬಾರದು. ಆಸ್ಟೆನಿಟಿಕ್ ಉಕ್ಕು ಕಾರ್ಬನ್ ಸ್ಟೀಲ್‌ಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ: 10 ಮೀಟರ್ ಉದ್ದದ ಪೈಪ್ 1050 ಡಿಗ್ರಿ ತಲುಪುವಾಗ 18 ಸೆಂಟಿಮೀಟರ್‌ಗೂ ಹೆಚ್ಚು ಬೆಳೆದಿರುತ್ತದೆ. ಜಾರಲು ಜಾಗ ಬಿಡಿ.

ತಾಪ ಅಳೆಯುವ ತಂತಿಗಳಾದ ಥರ್ಮೋಕಪಲ್‌ಗಳನ್ನು ಲೋಹಕ್ಕೇ ಅಂಟಿಸಿ. ಕುಲುಮೆಯ ಗಾಳಿಯ ತಾಪ ನೋಡಿ ಕೆಲಸ ಮಾಡಬೇಡಿ. ಕೆ ಟೈಪ್ ತಂತಿಯನ್ನು ಕೆಪಾಸಿಟರ್ ಡಿಸ್ಚಾರ್ಜ್ ವೆಲ್ಡಿಂಗ್‌ನಿಂದ ನೇರವಾಗಿ ಕೂರಿಸುವುದು ಅತ್ಯುತ್ತಮ. ಅತಿ ದಪ್ಪ ಜಾಗದಲ್ಲೊಂದು, ಅತಿ ತೆಳು ಜಾಗದಲ್ಲೊಂದು, ವೆಲ್ಡ್ ಮೇಲೊಂದು, ಕುಲುಮೆಯ ಬಾಗಿಲ ಬಳಿಯ ತುದಿಯಲ್ಲೊಂದು ಕನಿಷ್ಠ. ಅಡ್ಡ ಮಲಗಿದ ಪೈಪಿನಲ್ಲಿ ಮೇಲ್ಭಾಗ ಮತ್ತು ತಳಭಾಗ ಎರಡಕ್ಕೂ ಹಾಕಿ, ಬಿಸಿ ಮೇಲಕ್ಕೇ ಸೇರುತ್ತದೆ. ಒಂದು ತಂತಿ ಕಳಚಿದರೆ ಕೆಲಸ ನಿಲ್ಲದಂತೆ ಮುಖ್ಯ ಜಾಗಗಳಲ್ಲಿ ಜೋಡಿ ಇರಲಿ.

ಹೆಜ್ಜೆ 6: ಕಾಯಿಸುವುದು

ಆಸ್ಟೆನಿಟಿಕ್ ಉಕ್ಕಿನಲ್ಲಿ ಶಾಖ ಹರಿಯುವುದು ಕಾರ್ಬನ್ ಸ್ಟೀಲ್‌ನ ಮೂರನೇ ಒಂದು ಭಾಗದಷ್ಟು ವೇಗದಲ್ಲಿ. ಹೊರಮೈ ಕೆಂಪಾಗಿದ್ದರೂ ಒಳಗೆ ಹಿಂದುಳಿದಿರುತ್ತದೆ. ಆರಂಭದಲ್ಲಿ ನಿಧಾನಿಸಿ, ಒಂದು ತುದಿಗೂ ಇನ್ನೊಂದು ತುದಿಗೂ ತಾಪದ ಅಂತರ ಹೆಚ್ಚಿದರೆ ಏರಿಕೆಯನ್ನು ತಡೆದು ಸಮವಾಗಲು ಬಿಡಿ. ತಾಪ 500 ಡಿಗ್ರಿ ಸಮೀಪಿಸಿ ಎಲ್ಲ ಕಡೆ ಸಮನಾದ ಮೇಲೆ ಲೆಕ್ಕ ತಿರುಗುತ್ತದೆ: ಅಲ್ಲಿಂದ 850ರವರೆಗೆ, ಆಕಾರ ಕೆಡದಷ್ಟು ಮಟ್ಟಿಗೆ, ಬೇಗ ದಾಟಬೇಕು. ಕೇಡು ಹುಟ್ಟುವ ತಾಪಗಳೆಲ್ಲ ಅಲ್ಲೇ ಇವೆ. ದಪ್ಪ, ಬಿಗಿ ಕೀಲುಗಳಲ್ಲಿ ಬೇಗ ದಾಟುವ ಅಗತ್ಯಕ್ಕೂ ಸಮವಾಗಿ ಕಾಯಿಸುವ ಅಗತ್ಯಕ್ಕೂ ಜಗಳ ಬೀಳುತ್ತದೆ. ಆಗ ನಾನು ಸಮತೆಯ ಕಡೆ ವಾಲುತ್ತೇನೆ: ಕೆಲವು ನಿಮಿಷ ಹೆಚ್ಚಾದರೆ ಸೊಲ್ಯೂಷನ್ ತಾಪ ಆ ಕಾರ್ಬೈಡನ್ನು ಕರಗಿಸುತ್ತದೆ, ಅಸಮ ಶಾಖದಿಂದ ಬಿದ್ದ ಬಿರುಕನ್ನು ಯಾವುದೂ ಮುಚ್ಚುವುದಿಲ್ಲ.

ಬರ್ನರ್ ಜ್ವಾಲೆ ನೇರವಾಗಿ ಲೋಹಕ್ಕೆ ತಾಗಬಾರದು. ಇಂಧನದಲ್ಲಿ ಗಂಧಕ ಕಡಿಮೆಯಿರಲಿ, ಕುಲುಮೆಯ ವಾತಾವರಣದಲ್ಲಿ ಸ್ವಲ್ಪ ಹೆಚ್ಚುವರಿ ಆಮ್ಲಜನಕವಿರಲಿ. ಹೊಗೆ ತುಂಬಿದ ಜ್ವಾಲೆ ಉಕ್ಕಿಗೆ ಇಂಗಾಲ ತುಂಬುತ್ತದೆ.

ಹೆಜ್ಜೆ 7: ಹಿಡಿಯುವುದು

ಸಮಯ ಎಣಿಸಲು ಶುರುಮಾಡುವುದು ಅತಿ ಹಿಂದುಳಿದ ಥರ್ಮೋಕಪಲ್ ಕನಿಷ್ಠ ತಾಪ ಮುಟ್ಟಿದ ಮೇಲೆ. ಸೊಲ್ಯೂಷನ್ ಅನೀಲಿಂಗ್‌ಗೆ ದಪ್ಪದ ಪ್ರತಿ ಮಿಲಿಮೀಟರ್‌ಗೆ 2ರಿಂದ 3 ನಿಮಿಷ ಸಾಮಾನ್ಯವಾಗಿ ಸಾಕು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಹರಳುಗಳು ದೊಡ್ಡದಾಗುತ್ತವೆ, ಹೊರಪದರ ದಪ್ಪವಾಗುತ್ತದೆ. ಕ್ರೀಪ್‌ಗೆ ದೊಡ್ಡ ಹರಳು ಒಳ್ಳೆಯದೇ, ಹಾಗಾಗಿ ಎಚ್ ಗ್ರೇಡ್‌ಗಳಲ್ಲಿ ಇದರ ಬಗ್ಗೆ ತೀರಾ ಗಾಬರಿ ಬೇಡ.

ಹೆಜ್ಜೆ 8: ತಣಿಸುವುದು

ಸೊಲ್ಯೂಷನ್ ಅನೀಲಿಂಗ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಸುಮಾರು 900ರಿಂದ 500 ಡಿಗ್ರಿಗೆ ಮೂರು ನಿಮಿಷದೊಳಗೆ ಇಳಿಸಬೇಕೆಂಬುದು ಕೆಲಸಗಾರರ ನಡುವಿನ ಒಳ್ಳೆಯ ಅಳತೆ. ತೆಳು ತಗಡಿಗೆ ಜೋರು ಗಾಳಿ ಸಾಕು, ದಪ್ಪಕ್ಕೆ ನೀರೇ ಬೇಕು. ಕುಲುಮೆಯಿಂದ ನೀರಿನ ತೊಟ್ಟಿಗೆ ಒಯ್ಯುವ ದಾರಿ, ಕ್ರೇನ್, ಕೊಕ್ಕೆ, ಜನ ನಿಲ್ಲುವ ಜಾಗ, ಎಲ್ಲವನ್ನೂ ತಣ್ಣನೆಯ ವಸ್ತುವಿನಿಂದಲೇ ಒಮ್ಮೆ ತಾಲೀಮು ಮಾಡಿ ನೋಡಿ. ನೀರಿನಲ್ಲಿ ಕ್ಲೋರೈಡ್ ಕಡಿಮೆಯಿರಲಿ. ಟೊಳ್ಳು ಭಾಗಗಳನ್ನು ಒಳಗೂ ಹೊರಗೂ ಒಟ್ಟಿಗೆ ನೀರು ತಾಗುವಂತೆ ಮುಳುಗಿಸಿ. ಎರಡೂ ತುದಿ ಮುಚ್ಚಿದ ವಸ್ತುವನ್ನಂತೂ ಯಾವ ಕಾರಣಕ್ಕೂ ಕುಲುಮೆಗೆ ಹಾಕಬೇಡಿ, ಒಳಗಿನ ಗಾಳಿ ಹಿಗ್ಗಿ ಸ್ಫೋಟಿಸಬಹುದು.

ಒಂದು ಎಚ್ಚರಿಕೆ: ನೀರಿಗೆ ಅದ್ದಿದಾಗ ಹೊಸ ಒತ್ತಡ ಹುಟ್ಟುತ್ತದೆ. ಸ್ಟ್ರೆಸ್ ರಿಲ್ಯಾಕ್ಸೇಶನ್ ಬಿರುಕನ್ನು ತಡೆಯುವುದೇ ಗುರಿಯಾಗಿದ್ದರೆ ದಪ್ಪ ವಸ್ತುವಿಗೆ 900 ಡಿಗ್ರಿಯ ಉಪಚಾರ ಮತ್ತು ಗಾಳಿಯಲ್ಲಿ ಆರಿಸುವಿಕೆ ಹೆಚ್ಚು ಯೋಗ್ಯ.

ಒಂದು ಕೀಲನ್ನು ಮಾತ್ರ ಕಾಯಿಸಬೇಕಾದಾಗ

ಜಾಗದಲ್ಲೇ ನಿಂತ ಪೈಪಿಗೆ ಸೆರಾಮಿಕ್ ಹೀಟಿಂಗ್ ಪ್ಯಾಡ್ ಅಥವಾ ಇಂಡಕ್ಷನ್ ಸುರುಳಿ ಸುತ್ತುತ್ತಾರೆ. 347 ಮತ್ತು 800ಎಚ್‌ಗೆ 885–900 ಡಿಗ್ರಿಯವರೆಗೆ ಇದು ಸಾಧ್ಯ. 304ಎಚ್‌ಗೆ 1050 ಡಿಗ್ರಿಯ ಸ್ಥಳೀಯ ಸೊಲ್ಯೂಷನ್ ಅನೀಲಿಂಗ್ ಮಾಡಿ ಎಂದು ಯಾರಾದರೂ ಹೇಳಿದರೆ ಮಾತ್ರ ನಿಂತು ಯೋಚಿಸಿ. ನಡುವೆ 1050, ದೂರದಲ್ಲಿ ಕೋಣೆಯ ತಾಪ ಎಂದಾದರೆ ಎರಡೂ ಬದಿಯಲ್ಲಿ ಎಲ್ಲೋ ಒಂದು ಕಡೆ 650 ಇದ್ದೇ ತೀರುತ್ತದೆ, ಅದೂ ಹಿಡಿದ ಪೂರ್ತಿ ಹೊತ್ತು. ಸೆನ್ಸಿಟೈಸ್ ಆದ ಪಟ್ಟಿ ವೆಲ್ಡ್ ಬಳಿಯಿಂದ ಹೋಗಿ ಇನ್ನೂ ಅಗಲವಾಗಿ ಆಚೆ ಕೂರುತ್ತದೆ. ಸ್ಥಿರಗೊಳಿಸಿದ ಗ್ರೇಡ್‌ಗಳಿಗೆ ಆ ಪಟ್ಟಿಯಿಂದ ಅಷ್ಟು ತೊಂದರೆಯಿಲ್ಲ, 304ಎಚ್‌ಗೆ ಇದೆ.

ಸ್ಥಳೀಯವಾಗಿ ಕಾಯಿಸುವಾಗ ಪೈಪಿನ ಸುತ್ತ ಪೂರ್ತಿ ಉಂಗುರವಾಗಿಯೇ ಕಾಯಿಸಿ, ಒಂದು ಪಕ್ಕಕ್ಕೆ ಮಾತ್ರ ಬೇಡ. ತಾಪ ಹಠಾತ್ತನೆ ಇಳಿಯದಂತೆ ಹೀಟರ್‌ನಿಂದ ಆಚೆಗೂ ಉದಾರವಾಗಿ ಇನ್ಸುಲೇಶನ್ ಹೊದಿಸಿ, ಪೈಪಿನ ತುದಿಗಳನ್ನು ಮುಚ್ಚಿ ಒಳಗೆ ಗಾಳಿ ಬೀಸದಂತೆ ಮಾಡಿ. ಒಳಮೈಗೆ ಕಪ್ಪು ಪದರ ಕಟ್ಟಬಾರದೆಂದಿದ್ದರೆ ಆರ್ಗಾನ್ ಹರಿಸಿ.

ಬೇರೆ ಉಕ್ಕಿನ ಜೊತೆ ಸೇರಿದ ಕೀಲು

ಸ್ಟೇನ್‌ಲೆಸ್‌ನ್ನು ಕ್ರೋಮ್-ಮಾಲಿಬ್ಡಿನಂ ಉಕ್ಕಿಗೆ ಸೇರಿಸಿದಾಗ ಇಕ್ಕಟ್ಟು: ಆ ಉಕ್ಕಿಗೆ 700 ಡಿಗ್ರಿ ಸುತ್ತಮುತ್ತ ಕಾಯಿಸಲೇಬೇಕು, ಸ್ಟೇನ್‌ಲೆಸ್‌ಗೆ ಅದೇ ತಾಪ ಕೆಟ್ಟದ್ದು. ದಾರಿ ಇದು: ಕ್ರೋಮ್-ಮಾಲಿ ಬದಿಯ ಮುಖಕ್ಕೆ ಮೊದಲು ನಿಕ್ಕಲ್ ಫಿಲ್ಲರ್‌ನಿಂದ ಪದರ ಹಾಕಿ, ಆ ತುಂಡನ್ನು ಮಾತ್ರ ಕಾಯಿಸಿ, ಬಳಿಕ ಪದರಕ್ಕೂ ಸ್ಟೇನ್‌ಲೆಸ್‌ಗೂ ಕೊನೆಯ ವೆಲ್ಡ್ ಹಾಕಿ ಕಾಯಿಸದೆ ಬಿಡಿ. ಪದರ ಸಾಕಷ್ಟು ದಪ್ಪವಿದ್ದು ಕೊನೆಯ ವೆಲ್ಡ್‌ನ ಶಾಖ ಕೆಳಗಿನ ಉಕ್ಕನ್ನು ಮುಟ್ಟದಂತಿರಬೇಕು. ನಿಕ್ಕಲ್ ಫಿಲ್ಲರ್‌ನ ಹಿಗ್ಗುವ ಪ್ರಮಾಣ ಕ್ರೋಮ್-ಮಾಲಿಗೆ ಹತ್ತಿರವಾಗಿದ್ದು, ಇಂಗಾಲ ಅತ್ತಿಂದಿತ್ತ ಸರಿಯುವುದನ್ನೂ ಕಡಿಮೆ ಮಾಡುತ್ತದೆ. 309 ಫಿಲ್ಲರ್ ಅಗ್ಗವಾದರೂ ಬಿಸಿ-ತಣ್ಣಗೆ ಪದೇ ಪದೇ ಆಗುವ ಕಡೆ ಅದನ್ನು ನಂಬಬೇಡಿ.

ಹೆಜ್ಜೆ 9: ಶುಚಿ ಮತ್ತು ತಪಾಸಣೆ

ಗಾಳಿಯಲ್ಲಿ ಕಾಯಿಸಿದ ವಸ್ತುವಿನ ಮೇಲೆ ಕಪ್ಪು ಪದರ ಇರುತ್ತದೆ, ಅದರ ಅಡಿಯಲ್ಲಿ ಕ್ರೋಮಿಯಂ ಇಳಿದ ತೆಳು ಪದರವೂ ಇರುತ್ತದೆ. ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲಗಳ ಮಿಶ್ರಣದಿಂದ ಪಿಕ್ಲಿಂಗ್ ಮಾಡಿದರೆ ಎರಡೂ ಹೋಗುತ್ತವೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ಜೀವಕ್ಕೇ ಅಪಾಯ ತರುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಯಳತೆಯಲ್ಲಿಲ್ಲದೆ ಆ ಕೆಲಸ ಆರಂಭಿಸಬೇಡಿ. ಸೆನ್ಸಿಟೈಸ್ ಆಗಿರಬಹುದೆಂಬ ಅನುಮಾನವಿರುವ ವಸ್ತುವಿಗೆ ಈ ಆಮ್ಲ ತಾಗಿಸುವುದೂ ಬೇಡ, ಹರಳಂಚುಗಳನ್ನು ತಿಂದುಬಿಡುತ್ತದೆ.

ಆಮೇಲೆ ಮತ್ತೆ ಡೈ ಪೆನೆಟ್ರೆಂಟ್. ವೆಲ್ಡ್‌ಗಿಂತ ಹೆಚ್ಚಾಗಿ ಅದರ ಪಕ್ಕದ ಒಂದೆರಡು ಮಿಲಿಮೀಟರ್ ಪಟ್ಟಿಯನ್ನು ನೋಡಿ, ರಿಲ್ಯಾಕ್ಸೇಶನ್ ಬಿರುಕು ಅಲ್ಲೇ ಇರುತ್ತದೆ. ದಪ್ಪ ಗೋಡೆಯಲ್ಲಿ ಬಿರುಕು ಮೇಲ್ಮೈಗೆ ಬಾರದೆಯೂ ಇರಬಹುದು, ಅಲ್ಲಿ ಅಲ್ಟ್ರಾಸೋನಿಕ್ ಬೇಕು. ಆದರೆ ಆಸ್ಟೆನಿಟಿಕ್ ವೆಲ್ಡ್‌ನ ದಪ್ಪ ಹರಳುಗಳು ಧ್ವನಿಯನ್ನು ಚದುರಿಸುವುದರಿಂದ ಅನುಭವಿ ಪರೀಕ್ಷಕರೇ ಬೇಕಾಗುತ್ತಾರೆ. 410ರಂಥವಕ್ಕೆ ಗಡಸುತನದ ಅಳತೆ ಮೊದಲ ಪರೀಕ್ಷೆ.

ಸೆನ್ಸಿಟೈಸೇಶನ್ ತಿಳಿಯಲು ಎಎಸ್‌ಟಿಎಂ ಎ262 ಎಂಬ ಪರೀಕ್ಷಾ ಮಾನದಂಡ ಇದೆ. ಅದರ ಪ್ರಾಕ್ಟೀಸ್ ಎ ಆಕ್ಸಾಲಿಕ್ ಆಮ್ಲದ ಎಚ್ಚಿಂಗ್, ಬೇಗ ಮುಗಿಯುತ್ತದೆ. ಹರಳುಗಳ ಸುತ್ತ ಪೂರ್ತಿ ಹಳ್ಳ ತೋಡಿದಂತೆ ಕಂಡರೆ ಪ್ರಾಕ್ಟೀಸ್ ಇಯಂಥ ಮುಂದಿನ ಪರೀಕ್ಷೆಗೆ ಹೋಗಬೇಕು. ಇದಕ್ಕಾಗಿ ಅದೇ ಹೀಟ್ ನಂಬರ್‌ನ (ಉಕ್ಕು ಕರಗಿಸಿದ ಒಂದೇ ತಂಡದ) ವೆಲ್ಡ್ ಮಾಡಿದ ಒಂದು ತುಂಡನ್ನು ವಸ್ತುವಿನ ಜೊತೆಯಲ್ಲೇ ಕುಲುಮೆಗೆ ಹಾಕಿರಬೇಕು.

ಹಳೆಯ ಭಾಗಗಳ ರಿಪೇರಿ

ಶಾಖ ತಾಳುವ ಗ್ರೇಡ್‌ಗಳಾದ, ವರ್ಷಗಟ್ಟಲೆ ಬಿಸಿಯಲ್ಲಿದ್ದ 310 ತಗಡು ಅಥವಾ ಎಚ್‌ಕೆ40 ಎರಕದ ಟ್ಯೂಬ್‌ನ್ನು ನೇರವಾಗಿ ವೆಲ್ಡ್ ಮಾಡಲು ಹೋದರೆ ವೆಲ್ಡ್ ಹಾಕಿದ ಪಕ್ಕದಲ್ಲೇ ಬಿರುಕು ಏಳುತ್ತದೆ. ಒಳಗೆ ಸಿಗ್ಮಾ ಮತ್ತು ಕಾರ್ಬೈಡ್ ತುಂಬಿ ಲೋಹ ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಇಲ್ಲಿ ಹೀಟ್ ಟ್ರೀಟ್‌ಮೆಂಟ್ ವೆಲ್ಡ್‌ಗೆ ಮೊದಲೇ ಬರಬೇಕು: ಸೇವೆಯಲ್ಲಿ ಇಂಗಾಲ ಒಳಸೇರಿದ ಮೇಲ್ಪದರವನ್ನು ಗ್ರೈಂಡ್ ಮಾಡಿ ತೆಗೆದು, 310ಕ್ಕೆ 1100 ಡಿಗ್ರಿ ಆಸುಪಾಸು, ಎಚ್‌ಕೆ40ಗೆ ಇನ್ನೂ ಸ್ವಲ್ಪ ಮೇಲಕ್ಕೆ ಸೊಲ್ಯೂಷನ್ ಅನೀಲಿಂಗ್ ಮಾಡಿ, ಆಮೇಲೆ ಕಡಿಮೆ ಶಾಖದಲ್ಲಿ ಸಣ್ಣ ಸಣ್ಣ ಪಾಸ್‌ಗಳಲ್ಲಿ ವೆಲ್ಡ್ ಹಾಕಿ. ಅದಕ್ಕೂ ಮುಂಚೆ ಅಯಸ್ಕಾಂತ ಹಿಡಿದು ನೋಡಿ: ಹೊಸದಾಗಿದ್ದಾಗ ಅಂಟದ ಟ್ಯೂಬ್ ಈಗ ಗಟ್ಟಿಯಾಗಿ ಅಂಟಿದರೆ ಇಂಗಾಲ ಆಳಕ್ಕೆ ಇಳಿದಿರುವ ಸಂಭವ ಹೆಚ್ಚು. ಇಂಗಾಲ ಅರ್ಧ ಗೋಡೆಯನ್ನೇ ದಾಟಿದ್ದರೆ ಕುಲುಮೆಗೆ ಖರ್ಚು ಮಾಡುವ ಬದಲು ಆ ಟ್ಯೂಬನ್ನು ಕತ್ತರಿಸಿ ಹೊಸದು ಹಾಕಿ.